ಸಾಸೇಜ್ ಒಡೆಯದೆ ನಿಲ್ಲುವ ಬಗೆ

ಅಂಜನಾಪುರದ ಕಡೆ ಫ್ರೀಜರ್ ಇಟ್ಟಿರುವ ಅಂಗಡಿಗಳಲ್ಲಿ ಚಿಕನ್ ಸಾಸೇಜೂ ಹಸಿರು ಚುಕ್ಕೆಯ ಸಾಸೇಜೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಾಟ್ ಡಾಗ್‌ಗೆ ಯಾವುದು ವಾಸಿ ಎಂದು ತಿಳಿಯಲು ಪೊಟ್ಟಣದ ಹಿಂದಿನ ಅಂಕಿಗಳನ್ನು ಓದಿದರೆ ಸಾಲದು, ಅವು ಹುಟ್ಟುವ ಕಸುಬನ್ನೂ ನೋಡಬೇಕು.

ಮಾಂಸದ್ದು ಚಳಿಯಲ್ಲಿ ನಡೆಯುವ ಕೆಲಸ. ಕೊಚ್ಚುವ ಯಂತ್ರಕ್ಕೆ ಮಾಂಸ, ಕೊಬ್ಬು, ಉಪ್ಪು, ಪುಡಿ ಐಸು ಹಾಕುತ್ತಾರೆ. ಉಪ್ಪು ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆಯುತ್ತದೆ; ಆ ಜಿಗುಟು ಕೊಬ್ಬಿನ ಕಣಗಳನ್ನು ಸುತ್ತಿ ಹಿಡಿಯುತ್ತದೆ. ಬ್ಲೇಡಿನ ಕಾವಿಗೆ ಮಿಶ್ರಣ ಸುಮಾರು 15 ಡಿಗ್ರಿ ದಾಟಿತೋ, ಕೊಬ್ಬು ಕರಗಿ ಬೇರ್ಪಟ್ಟು ಬೇಯುವಾಗ ಜಿಡ್ಡೆಲ್ಲ ಹೊರಗೆ. ಥರ್ಮಾಮೀಟರಿನ ಮೇಲೆ ಒಂದು ಕಣ್ಣಿಟ್ಟೇ ಕೊಚ್ಚುವ ಆ ಎಚ್ಚರಕ್ಕೆ, ಮಾಂಸ ತಿನ್ನದವರೂ ತಲೆದೂಗಬೇಕು.

ಅಂದರೆ ಇಲ್ಲಿ ಉಪ್ಪು ರುಚಿಗಷ್ಟೇ ಅಲ್ಲ, ಅಂಟಿಗೂ ಬೇಕು. 100 ಗ್ರಾಂ ಬೀಫ್ ಸಾಸೇಜಿನಲ್ಲಿ ಸೋಡಿಯಂ ಸಾಮಾನ್ಯವಾಗಿ 1000 ಮಿಲಿಗ್ರಾಂ ಆಸುಪಾಸು ಇರುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2000. ಕೊಬ್ಬು 30 ಗ್ರಾಂ ಹತ್ತಿರ, ಪ್ರೋಟೀನ್ 11-12. ಚಿಕನ್ನಿನದರಲ್ಲಿ ಕೊಬ್ಬು ಕಡಿಮೆ, ಉಪ್ಪೇನೂ ಅಷ್ಟಾಗಿ ಇಳಿಯದು. ಪೊಟ್ಟಣದ ಮೇಲೆ ಐಎನ್‌ಎಸ್ 250 ಎಂದಿದ್ದರೆ ಅದು ಸೋಡಿಯಂ ನೈಟ್ರೈಟ್, ಆ ಗುಲಾಬಿ ಬಣ್ಣದ ಗುಟ್ಟು. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಸಾರಿದೆ.

ಹಸಿರು ಚುಕ್ಕೆಯದರಲ್ಲಿರುವ ಸೋಯಾ, ಗೋಧಿ ಪ್ರೋಟೀನಿಗೆ ಅಂಟಿಕೊಳ್ಳಲು ಅಷ್ಟು ಉಪ್ಪೂ ಬೇಡ, ಕೊಬ್ಬೂ ಬೇಡ. ಚೆನ್ನಾಗಿ ಮಾಡಿದ್ದರೆ ಪ್ರೋಟೀನ್ 20 ಗ್ರಾಂ ಹತ್ತಿರ ಹೋಗುತ್ತದೆ, ಕೊಲೆಸ್ಟರಾಲ್ ಇರುವುದಿಲ್ಲ. ಆದರೆ ರುಚಿಗೆಂದು ಉಪ್ಪು ಸುರಿಯುವವರೂ ಇದ್ದಾರೆ. ಆಲೂಗಡ್ಡೆ, ತರಕಾರಿ ತುಂಬಿದ್ದಾದರೆ ಪ್ರೋಟೀನ್ ನೆಪಮಾತ್ರ. ಅದನ್ನು ಉದ್ದನೆಯ ಕಟ್ಲೆಟ್ ಅನ್ನಬಹುದು.

ಗೋಧಿ ಪ್ರೋಟೀನಿನ ಸಾಸೇಜನ್ನು ಮನೆಯಲ್ಲೂ ಮಾಡಬಹುದು. ಮೈದಾ ಕಲಸಿ ಅರ್ಧ ಗಂಟೆ ನೀರಲ್ಲಿ ಮುಳುಗಿಸಿಟ್ಟು, ಬೋಗುಣಿಯಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಹಲ್ವ ಮಾಡುವವರು ತೊಳೆದ ಹಾಲಿನಂಥ ನೀರನ್ನು ಇಟ್ಟುಕೊಂಡು ಜಿಗುಟು ಮುದ್ದೆಯನ್ನು ಎಸೆಯುತ್ತಾರೆ. ನಮಗೆ ಬೇಕಾದದ್ದು ಆ ಮುದ್ದೆಯೇ, ಗ್ಲುಟೆನ್. (ಆ ನೀರನ್ನೂ ಚೆಲ್ಲಬೇಡಿ, ಹಲ್ವ ಆಗಲಿ.) ಗೋಧಿ ಪ್ರೋಟೀನಿನಲ್ಲಿ ಲೈಸಿನ್ ಕೊರತೆ, ಕಡಲೆಯಲ್ಲಿ ಅದು ಧಾರಾಳ, ಆದ್ದರಿಂದ ಕಡಲೆಹಿಟ್ಟು ಸೇರಿಸಬೇಕು. 1950ರಲ್ಲಿ ಶುರುವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಮಲ್ಟಿಪರ್ಪಸ್ ಫುಡ್ ಎಂಬ ಪೌಷ್ಟಿಕ ಆಹಾರ ಮಾಡಿತ್ತು; ಸಸ್ಯದ ಪ್ರೋಟೀನುಗಳನ್ನು ಜೋಡಿಸುವ ಜಾಣ್ಮೆ ನಮ್ಮಲ್ಲಿ ಹೊಸದಲ್ಲ. ಬಿ12 ಮಾತ್ರ ಈ ಮುದ್ದೆಯಲ್ಲಿ ಸಿಗದು, ಅದಕ್ಕೆ ಹಾಲು ಮೊಸರೇ ಗತಿ.

ಬೆಳ್ಳುಳ್ಳಿ, ಮೆಣಸು, ಜೀರಿಗೆ, ಚೂರು ಎಣ್ಣೆ ಹಾಕಿ ನಾದಿ, ಬಾಳೆಎಲೆಯಲ್ಲಿ ಬಿಗಿಯಾಗಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಸಡಿಲ ಸುತ್ತಿದರೆ ಉಬ್ಬಿ ಬ್ರೆಡ್ಡಿನಂತಾಗುತ್ತದೆ. ಬಿಸಿಯಲ್ಲೇ ಕತ್ತರಿಸುವ ಆತುರ ಬೇಡ. ರಾತ್ರಿ ಫ್ರಿಜ್ಜಿನಲ್ಲಿದ್ದು ಗಟ್ಟಿಯಾದ ಮೇಲೆ ಕಾವಲಿಯಲ್ಲಿ ಹೊರಳಿಸಿ ಬನ್ನಿಗಿಡಿ.