ಗರಸು ದಾರಿ, ಹೊಳೆದಂಡೆ, ಎರಡು ಗಾಲಿ

ಹತ್ತನೆಯ ತರಗತಿ ಪಾಸಾದ ಮಗ ‘ಗ್ರಾವೆಲ್ ಬೈಕ್ ಕೊಡಿಸಿ’ ಎಂದು ಹಟ ಹಿಡಿದರೆ ಬೆಳಗಾವಿಯ ಎಷ್ಟೋ ಅಪ್ಪಂದಿರು ಅದನ್ನು ಮೋಟಾರ್ ಸೈಕಲ್ ಎಂದೇ ತಿಳಿದು ಗಾಬರಿಯಾದಾರು. ಅಲ್ಲ, ಅದು ಕಾಲಿನಿಂದ ತುಳಿಯುವ ಸೈಕಲ್ಲೇ ಎಂದು ಗೊತ್ತಾದಾಗ ಬರುವ ನೆಮ್ಮದಿ, ಬೆಲೆ ಕೇಳಿದೊಡನೆ ಹಾರಿಹೋಗುತ್ತದೆ. ಅರ್ಧ ಲಕ್ಷದ ಆಸುಪಾಸಿನಿಂದ ಹಲವು ಲಕ್ಷಗಳವರೆಗೆ ಅದರ ಬೆಲೆ! ‘ಅಷ್ಟು ಹಣದಲ್ಲಿ ಒಂದು ವರ್ಷದ ಫೀ ಕಟ್ಟಬಹುದಲ್ಲ’ ಎಂಬ ಮಾತಿಗೆ ಮಗನ ಬಳಿ ಉತ್ತರವಿರುವುದಿಲ್ಲ.

ಆದರೆ ಉತ್ತರ ಮನೆಯ ಹಿತ್ತಲಲ್ಲೇ ತುಕ್ಕು ಹಿಡಿದು ನಿಂತಿರಬಹುದು.

ಗ್ರಾವೆಲ್ ಎಂದರೆ ಮತ್ತೇನೂ ಅಲ್ಲ, ಬೆಳಗಾವಿ ಕಡೆಯ ಮಾತಿನಲ್ಲಿ ಗರಸು. ಡಾಂಬರು ಕಾಣದ, ಸಣ್ಣ ಕಲ್ಲು ಕೆಂಪು ಮಣ್ಣು ಬೆರೆತ ದಾರಿ. ಅಂಥ ದಾರಿಯಲ್ಲಿ ದೂರದವರೆಗೆ ಸಲೀಸಾಗಿ ಹೋಗಲೆಂದು ರೂಪಿಸಿದ ಸೈಕಲ್ಲೇ ಗ್ರಾವೆಲ್ ಬೈಕ್. ನೋಡಲು ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್. ಆದರೆ ಟೈರು ಮಾತ್ರ ದಪ್ಪ. ರೇಸ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್ ಅಗಲವಿದ್ದರೆ ಇದರದು 35ರಿಂದ 50. ವ್ಯತ್ಯಾಸದ ಗುಟ್ಟೆಲ್ಲ ಅಲ್ಲಿದೆ.

ಅಮೆರಿಕದಲ್ಲಿ ಈ ಸವಾರಿ ಜನಪ್ರಿಯವಾಗಲು ಒಂದು ಕಾರಣ ಅಲ್ಲಿನ ಹೆದ್ದಾರಿಗಳು. ಕಾರು, ಲಾರಿಗಳ ಭರಾಟೆಗೆ ಬೇಸತ್ತ ಸೈಕಲ್ ಸವಾರರು ಹೊಲಗಳ ನಡುವಿನ ಕಚ್ಚಾ ದಾರಿಗೆ ಇಳಿದರು. ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ ಬೆರಳೆಣಿಕೆಯ ಉತ್ಸಾಹಿಗಳಿಂದ ಆರಂಭವಾದ 200 ಮೈಲಿಗಳ, ಅಂದರೆ ಸುಮಾರು 322 ಕಿ.ಮೀ. ಗರಸು ದಾರಿಯ ಓಟಕ್ಕೆ ಈಗ ಜಗತ್ತಿನ ನಾನಾ ಕಡೆಗಳಿಂದ ಸ್ಪರ್ಧಿಗಳು ಬರುತ್ತಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅನ್ನೂ ನಡೆಸಿತು. ಹೀಗೆ ಹೊಸ ಹೆಸರು, ಹೊಸ ಮಾರುಕಟ್ಟೆ ಎರಡೂ ಹುಟ್ಟಿಕೊಂಡವು.

ಈಗ ಅಜ್ಜನ ಕಾಲದ ಕಪ್ಪು ಸೈಕಲ್ಲನ್ನು ನೆನಪಿಸಿಕೊಳ್ಳಿ. ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಯಾವುದೇ ಇರಲಿ, ಟೈರಿನ ಮೇಲೆ 28 ಗುಣಿಸು ಒಂದೂವರೆ ಎಂದು ಅಚ್ಚಾಗಿರುತ್ತಿತ್ತು. ಒಂದೂವರೆ ಇಂಚು ಎಂದರೆ ಸುಮಾರು 38 ಮಿಲಿಮೀಟರ್. ಇಂದು ಲಕ್ಷ ರೂಪಾಯಿಯ ಗ್ರಾವೆಲ್ ಬೈಕಿಗೆ ಹಾಕುವ ಟೈರಿನಷ್ಟೇ ಅಗಲ! ಹಾಲಿನ ಕ್ಯಾನು, ಜೋಳದ ಚೀಲ, ಕೆಲವೊಮ್ಮೆ ಇಡೀ ಸಂಸಾರವನ್ನು ಹೊತ್ತು ಚಕ್ಕಡಿ ದಾರಿಯಲ್ಲಿ ಹೋಗುತ್ತಿದ್ದ ಆ ಸೈಕಲ್ಲನ್ನು ಯಾರೂ ಗ್ರಾವೆಲ್ ಬೈಕ್ ಎಂದು ಕರೆಯಲಿಲ್ಲ, ಅಷ್ಟೇ. ಭಾರ ಹೆಚ್ಚು, ಗೇರಿಲ್ಲ ಎಂಬುದು ನಿಜ. ಏರಿನಲ್ಲಿ ಇಳಿದು ತಳ್ಳಬೇಕಾದೀತು. ತಳ್ಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಇನ್ನೊಂದು ಸೈಕಲ್ಲೂ ಇದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿ, ಮರುವರ್ಷ ಗಂಡುಮಕ್ಕಳಿಗೂ ವಿಸ್ತರಿಸಿತು. 2020ರ ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಆದರೆ ಅಕ್ಕನಿಗೋ ಅಣ್ಣನಿಗೋ ಸಿಕ್ಕ ಆ ಸೈಕಲ್ಲುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಹೊಸ ಟೈರು ಟ್ಯೂಬು, ಬ್ರೇಕಿನ ರಬ್ಬರು, ಚೈನಿಗೆ ಎಣ್ಣೆ, ಗಾಲಿಯ ಡೊಂಕು ತೆಗೆಸಿದರೆ ಹೊಳೆದಂಡೆಯ ದಾರಿಗೆ ಅದೇ ಸಾಕು. ಮೊದಲ ವರ್ಷ ಅದರಲ್ಲಿ ತುಳಿಯಲಿ. ಹುರುಪು ಆಮೇಲೂ ಉಳಿದಿದ್ದರೆ ಹೊಸದರ ಮಾತು.

ಕೆಂಪು ನೆಲ, ಕಪ್ಪು ನೆಲ

ಸೈಕಲ್ಲಿನ ವಿಷಯದಲ್ಲಿ ಇಷ್ಟು ಚರ್ಚಿಸುವವರು ನೆಲದ ವಿಷಯದಲ್ಲಿ ಏನೂ ಕೇಳುವುದಿಲ್ಲ. ವಾಸ್ತವವಾಗಿ ಈ ಸವಾರಿಯಲ್ಲಿ ಮೊದಲು ಓದಬೇಕಾದ ಪಾಠವೇ ನೆಲ. ಈ ವಿಷಯದಲ್ಲಿ ಬೆಳಗಾವಿಯ ಮಕ್ಕಳು ಪುಣ್ಯವಂತರು. ಊರಿನ ಪಶ್ಚಿಮಕ್ಕೂ ದಕ್ಷಿಣಕ್ಕೂ, ಖಾನಾಪುರ, ಜಾಂಬೋಟಿಯತ್ತ ಹೋದಂತೆ ಕೆಂಪು ಜಂಬಿಟ್ಟಿಗೆ ನೆಲ. ಪೂರ್ವಕ್ಕೆ ಹೋದರೆ ಎರೆಭೂಮಿ. ಕೆಂಪು ನೆಲದಲ್ಲಿ ಮಳೆನೀರು ಬೇಗ ಇಂಗುತ್ತದೆ. ಜೋರು ಮಳೆಯ ಮರುದಿನ ಬಿಸಿಲು ಬಿದ್ದರೆ ಸೈಕಲ್ ಹೊರಡಿಸಬಹುದು. ಎರೆಮಣ್ಣು ಹಾಗಲ್ಲ. ನೂರು ಹೆಜ್ಜೆ ಹೋಗುವುದರೊಳಗೆ ಟೈರಿಗೆ ಮೆತ್ತಿ, ಮಡಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಆಮೇಲೆ ಸವಾರನೇ ಸೈಕಲ್ಲನ್ನು ಹೊರಬೇಕು. ಖಾನಾಪುರದ ಸುತ್ತ ಇನ್ನೊಂದು ಬಗೆಯ ಮಣ್ಣಿದೆ. ಕುಂಬಾರಿಕೆಗೂ ಹಂಚಿಗೂ ಹೆಸರಾದ ಜೇಡಿ ಅದು. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲಿ ನೆಲೆಸಿರುವುದು ಸುಮ್ಮನೆ ಅಲ್ಲ. ಒಣಗಿದಾಗ ಸಿಮೆಂಟಿನಂತಿರುವ ಈ ಜೇಡಿ ಒದ್ದೆಯಾದರೆ ಸಾಬೂನು. ಮಣ್ಣಿನ ಗುಣವನ್ನು ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದವರಿಗಿಂತ ಮೊಣಕಾಲು ತರಚಿಕೊಂಡವರು ಚೆನ್ನಾಗಿ ಬಲ್ಲರು.

ಮಳೆಯದೂ ಹಾಗೆಯೇ. ಮಲಪ್ರಭೆ ಹುಟ್ಟುವ ಕಣಕುಂಬಿ ಸಹ್ಯಾದ್ರಿಯ ನೆತ್ತಿಯಲ್ಲಿದೆ. ಅಲ್ಲಿ ಮಳೆಗಾಲದಲ್ಲಿ ಸಾವಿರಾರು ಮಿಲಿಮೀಟರ್ ಸುರಿಯುತ್ತದೆ. ಅದೇ ಜಿಲ್ಲೆಯ ಪೂರ್ವದಂಚಿನ ಸವದತ್ತಿ, ರಾಮದುರ್ಗದವರು ಮೋಡ ನೋಡುತ್ತ ಕೂರುತ್ತಾರೆ. ಆದ್ದರಿಂದ ಬೆಳಗಾವಿಯಲ್ಲಿ ಬಿಸಿಲಿದೆ ಎಂದು ಖಾನಾಪುರದ ಹೊಳೆ ಶಾಂತವಾಗಿರುತ್ತದೆಂದು ತಿಳಿಯಬಾರದು. ಮೇಲೆ ಬಿದ್ದ ಮಳೆ ಕೆಳಗೆ ಬಿಸಿಲಿರುವಾಗಲೇ ಬಂದು ತಲುಪುತ್ತದೆ.

ಊರೊಳಗೆ ಹೊಳೆ ಎಲ್ಲಿದೆ?

ಯುರೋಪಿನ ನಗರಗಳಲ್ಲಿ ನದಿಯ ಎರಡೂ ದಂಡೆಗೆ ಉದ್ಯಾನ, ಅದರೊಳಗೆ ಸೈಕಲ್ ದಾರಿ ಇರುವ ಚಿತ್ರಗಳನ್ನು ನೋಡಿದ ವಿದ್ಯಾರ್ಥಿ ಬೆಳಗಾವಿಯಲ್ಲಿ ಅದನ್ನು ಹುಡುಕಿದರೆ ನಿರಾಶನಾಗುತ್ತಾನೆ. ಊರಿನ ಪಾಲಿಗೆ ಬಂದಿರುವುದು ಬಳ್ಳಾರಿ ನಾಲೆ. ಊರಿನ ಕೊಳಚೆಯನ್ನೆಲ್ಲ ಹೊತ್ತು ಅದು ಮಾರ್ಕಂಡೇಯ ನದಿ ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಸುತ್ತಲಿನ ಗದ್ದೆಗಳನ್ನು ಮುಳುಗಿಸುತ್ತದೆ. ಅದರ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ಸೈಕಲ್ ತುಳಿಯುವವರು ಯಾರು? ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ಬೆಳಗಾವಿಯೂ ಒಂದು. ರಸ್ತೆಗಳು ಕಾಂಕ್ರೀಟಾದವು, ದೀಪಗಳು ಬಂದವು. ನಾಲೆ ಮಾತ್ರ ನಾಲೆಯಾಗಿಯೇ ಉಳಿದಿದೆ.

ಆದರೂ ಊರಿನಲ್ಲಿ ಹಸಿರಿಗೆ ತೀರ ಬರವಿಲ್ಲ. ಕ್ಯಾಂಪ್ ಪ್ರದೇಶದ ಹಳೆಯ ಮರಗಳ ಸಾಲು, ಟಿಳಕವಾಡಿಯ ವ್ಯಾಕ್ಸಿನ್ ಡಿಪೊದ ವಿಶಾಲ ಬಯಲು ಇವೆ. ಡಿಪೊದಲ್ಲಿ ಬೆಳಿಗ್ಗೆ ಸಂಜೆ ನಡೆಯುವವರದೇ ರಾಜ್ಯ. ಸೈಕಲ್ಲಿನವರು ಅಲ್ಲಿ ಅತಿಥಿಗಳಂತೆ ಇರಬೇಕು, ನಿಧಾನವಾಗಿ, ಗಂಟೆ ಬಾರಿಸಿ, ಹಿರಿಯರಿಗೆ ದಾರಿ ಬಿಟ್ಟು. ಊರ ಹಸಿರು ಕೇವಲ ಮನುಷ್ಯರದಲ್ಲ ಎಂಬುದನ್ನು 2022ರ ಆಗಸ್ಟಿನಲ್ಲಿ ಬಂದ ಚಿರತೆ ನೆನಪಿಸಿತು. ಗಾಲ್ಫ್ ಮೈದಾನದ ಪೊದೆಗಳಲ್ಲಿ ಅದು ಅಡಗಿದ್ದ ದಿನಗಳಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ರಜೆ. ಚಿರತೆಗೆ ಮಕ್ಕಳು ಕೃತಜ್ಞರಾಗಿದ್ದರೇನೋ!

ನಿಜವಾದ ಹೊಳೆದಂಡೆ ಬೇಕಾದರೆ ಊರಿನ ಅಂಚಿಗೆ ಬರಬೇಕು. ಮಾರ್ಕಂಡೇಯ ನದಿ ಪಶ್ಚಿಮದಿಂದ ಬಂದು, ಊರಿನ ಉತ್ತರಕ್ಕೆ ಕಂಗ್ರಾಳಿ, ಕಾಕತಿಯ ಬಳಿ ಹಾದು ಗೋಕಾಕದತ್ತ ಸಾಗಿ ಘಟಪ್ರಭೆಗೆ ಸೇರುತ್ತದೆ. ಅದರ ದಂಡೆಯಲ್ಲಿ ಗದ್ದೆಗೆ ಹೋಗುವ ದಾರಿಗಳಿವೆ. ಅವು ಉದ್ಯಾನದ ದಾರಿಗಳಲ್ಲ, ರೈತರ ದಾರಿಗಳು. ಭತ್ತ ನಿಂತ ಕಾಲದಲ್ಲಿ ಬದುವಿನ ಮೇಲೆ ಸೈಕಲ್ ಹತ್ತಿಸಿದರೆ ಬೈಗುಳ ತಿನ್ನುವುದು ನ್ಯಾಯವೇ. ಹಿಂಡಲಗಾ, ಬೆಳಗುಂದಿ ಕಡೆಯಿಂದ ರಕ್ಕಸಕೊಪ್ಪದವರೆಗೆ ಹೋಗಿ ಬರುವುದು ಒಂದು ಬೆಳಗಿನ ಹದವಾದ ಸವಾರಿ. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯ ಅಲ್ಲಿದೆ. ನಲ್ಲಿ ತಿರುಗಿಸಿ ಬಕೆಟ್ ತುಂಬುವ ಮಕ್ಕಳು ಆ ನೀರು ಎಲ್ಲಿಂದ ಬರುತ್ತದೆಂದು ಒಮ್ಮೆ ತಮ್ಮ ಕಾಲಿನ ಶಕ್ತಿಯಿಂದಲೇ ಹೋಗಿ ನೋಡಲಿ. ದಕ್ಷಿಣಕ್ಕೆ ಯಳ್ಳೂರ, ರಾಜಹಂಸಗಡದ ಕೆಂಪು ಏರು ಇನ್ನೊಂದು. ಅಲ್ಲಿ ಹೊಳೆ ಇಲ್ಲ, ಗಾಳಿ ಇದೆ.

ಮಲಪ್ರಭೆಯ ಬಗಲಲ್ಲಿ

ಖಾನಾಪುರ ಬೆಳಗಾವಿಯಿಂದ ಸುಮಾರು 26 ಕಿ.ಮೀ. ಹೆದ್ದಾರಿ ಈಗ ಅಗಲವಾಗಿದೆ, ವಾಹನಗಳ ವೇಗವೂ ಅಗಲಕ್ಕೆ ತಕ್ಕಂತೆ ಏರಿದೆ. ಆ ರಸ್ತೆಯಲ್ಲಿ ಶಾಲಾಮಕ್ಕಳು ಸೈಕಲ್ ತುಳಿಯುವುದನ್ನು ಯಾವ ಪಾಲಕರೂ ಒಪ್ಪಬೇಕಾಗಿಲ್ಲ. ನವೆಂಬರ್ ಬಂತೆಂದರೆ ಜಿಲ್ಲೆಯ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್, ದೀಪವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೈಕಲ್ಲನ್ನು ಯಾವುದಾದರೂ ಗಾಡಿಯಲ್ಲಿ ಖಾನಾಪುರದವರೆಗೆ ಒಯ್ದು ಅಲ್ಲಿಂದ ತುಳಿಯುವುದೇ ಜಾಣತನ.

ಖಾನಾಪುರದಿಂದ ಕೆಲವೇ ಕಿ.ಮೀ. ದೂರದಲ್ಲಿ ಅಸೋಗಾ ಇದೆ. ಮಲಪ್ರಭೆಯ ದಂಡೆಗೆ ರಾಮಲಿಂಗೇಶ್ವರ ದೇವಸ್ಥಾನ, ನೀರಿನ ನಡುವೆ ಬಂಡೆಗಳು, ಸುತ್ತ ಮರಗಳು. ಮೇಲಕ್ಕೆ ಜಾಂಬೋಟಿಯ ಕಡೆ ಹೋದರೆ ಹಬ್ಬನಹಟ್ಟಿಯ ಸ್ವಯಂಭು ಮಾರುತಿ. ಮಳೆಗಾಲದಲ್ಲಿ ಈ ಮಾರುತಿಯ ಗುಡಿಯೇ ಹೊಳೆಯಲ್ಲಿ ಮುಳುಗುತ್ತದೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನದಿಂದ ದಸರೆ ಮುಗಿಯುವತನಕ ಹೊಳೆದಂಡೆಯ ಸವಾರಿ ಬಂದ್ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದರೆ ತಪ್ಪಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಮಲಪ್ರಭೆ ಜಿಲ್ಲೆಯನ್ನು ಹೇಗೆ ಕಾಡಿತೆಂದು ಈಗಿನ ಕಾಲೇಜು ವಿದ್ಯಾರ್ಥಿಗಳಿಗೂ ನೆನಪಿದೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಇಲ್ಲಿನ ಬೆಳಗು ತಂಪು, ನೆಲ ಗಟ್ಟಿ, ನೀರು ತಿಳಿ. ತಿಳಿಯಾದ ನೀರೇ ಹೆಚ್ಚು ಮೋಸ ಮಾಡುವುದು. ಸೈಕಲ್ ತುಳಿದು ಬೆವೆತ ಹುಡುಗರು ಮೊದಲು ಮಾಡುವ ಕೆಲಸ ಅಂಗಿ ಬಿಚ್ಚಿ ಹೊಳೆಗೆ ಹಾರುವುದು. ಬಂಡೆಗಳ ಸಂದಿಯ ಮಡುವು ಎಷ್ಟು ಆಳವೆಂದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಈ ಸವಾರಿಯಲ್ಲಿ ಬಿದ್ದರೆ ತರಚುಗಾಯ. ಜೀವಕ್ಕೆ ಅಪಾಯವಿರುವುದು ಹೊಳೆಗೆ ಇಳಿದಾಗ. ಮಗನಿಗೆ ಹೆಲ್ಮೆಟ್ ಕೊಡಿಸುವ ತಂದೆ ಈ ಮಾತನ್ನೂ ಹೇಳಿ ಕಳಿಸಬೇಕು.

ಇಲ್ಲಿಂದ ಮುಂದೆ, ಹೆಮ್ಮಡಗಾ ಕಡೆಗೆ, ಕಾಡು ದಟ್ಟವಾಗುತ್ತದೆ. 2011ರಲ್ಲಿ ಘೋಷಣೆಯಾದ ಸುಮಾರು 190 ಚದರ ಕಿ.ಮೀ. ವಿಸ್ತಾರದ ಭೀಮಗಡ ಅಭಯಾರಣ್ಯ ಅದು. ಕರಡಿ, ಕಾಡುಕೋಣಗಳ ಮನೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರ ದಾರಿಗಳಿಗೆ ಸೈಕಲ್ ಇಳಿಸುವಂತಿಲ್ಲ. ಅಭಯಾರಣ್ಯದೊಳಗಿನ ಕೆಲವು ಹಳ್ಳಿಗಳಿಗೆ ಇಂದಿಗೂ ಸರಿಯಾದ ರಸ್ತೆಯಿಲ್ಲ. ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ಪೇಟೆಯ ಮಕ್ಕಳಿಗೆ ಕಚ್ಚಾ ದಾರಿ ಮೋಜು, ಅಲ್ಲಿಯ ಮಕ್ಕಳಿಗೆ ಅದು ಶಾಲೆಯ ದಾರಿ. ಹಳ್ಳಿಯ ನಡುವೆ ಹಾದುಹೋಗುವಾಗ ಇದು ನೆನಪಿದ್ದರೆ ಸಾಕು, ಕೂಗಾಟ ತಾನಾಗಿ ಕಡಿಮೆಯಾಗುತ್ತದೆ. ದಾರಿ ಕೇಳಲು ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ.

ಹವಾ ಕಡಿಮೆ, ಹಿಡಿತ ಹೆಚ್ಚು

ಡಾಂಬರಿನ ಮೇಲೆ ಟೈರು ಕಲ್ಲಿನಂತೆ ಗಟ್ಟಿಯಿದ್ದರೆ ಸೈಕಲ್ ಹಗುರವಾಗಿ ಓಡುತ್ತದೆ. ಗರಸಿನಲ್ಲಿ ಅದೇ ಟೈರು ಪ್ರತಿ ಕಲ್ಲಿಗೂ ಪುಟಿದು ಕೈ, ಬೆನ್ನು ನೋಯಿಸುತ್ತದೆ, ತಿರುವಿನಲ್ಲಿ ಜಾರುತ್ತದೆ. ಸ್ವಲ್ಪ ಹವಾ ಬಿಟ್ಟರೆ ಟೈರು ನೆಲವನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತದೆ, ಸಣ್ಣ ಕಲ್ಲುಗಳನ್ನು ತಾನೇ ನುಂಗುತ್ತದೆ. ತೀರ ಬಿಟ್ಟರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಕೊಂಚ ಒಳಗೆ ಹೋಗಬೇಕು, ಅದೇ ಹದ.

ಬ್ರೇಕು ತಿರುವಿನೊಳಗೆ ಹಿಡಿಯುವುದಲ್ಲ, ತಿರುವಿಗೆ ಮೊದಲೇ, ಮೆತ್ತಗೆ. ಸಡಿಲ ಗರಸಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಗಾಲಿ ಜಾರಿ ಸವಾರ ನೆಲ ಕಾಣುತ್ತಾನೆ. ಇಳಿಜಾರಿನಲ್ಲಿ ಎರಡೂ ಪೆಡಲನ್ನು ಸಮಮಟ್ಟದಲ್ಲಿಟ್ಟು, ಸೀಟಿನಿಂದ ತುಸು ಎದ್ದು, ಮೈಭಾರವನ್ನು ಹಿಂದಕ್ಕೆ ಒಯ್ಯಬೇಕು. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ನಾಲ್ಕಾರು ಮಾರು ಮುಂದೆ. ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದರೆ ಗಾಲಿ ಅಲ್ಲಿಗೇ ಹೋಗುತ್ತದೆ. ಇದು ಎಲ್ಲ ಸವಾರರ ಅನುಭವ.

‘ಇದರಿಂದ ಮುಂದೆ ಏನಾದರೂ ಉಪಯೋಗವುಂಟೇ?’ ಎಂದು ಪಾಲಕರು ಕೇಳುವುದು ಸಹಜ. ಗ್ರಾವೆಲ್ ಓಟ ಒಲಿಂಪಿಕ್ಸಿನಲ್ಲಿಲ್ಲ. ಆದರೆ ಗುಡ್ಡಗಾಡು ಸೈಕ್ಲಿಂಗ್ 1996ರಿಂದ ಇದೆ, ರಸ್ತೆ ಓಟ ಮೊದಲಿನಿಂದಲೂ ಇದೆ. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆಯ ಹೆಸರು ಮೊದಲು ಬರುತ್ತದೆ. ಬಡ ರೈತರ ಮನೆಯ ಹುಡುಗ ಹುಡುಗಿಯರು ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಬೆಳಗಾವಿ ಜಿಲ್ಲೆಯಲ್ಲೇ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾಶಾಲೆಯಿದೆ. ಪದಕ ಗೆಲ್ಲುವವರು ಸಾವಿರಕ್ಕೊಬ್ಬರು. ಉಳಿದವರಿಗೆ ಸಿಗುವುದು ಗಟ್ಟಿ ಕಾಲು, ಒಳ್ಳೆಯ ಹಸಿವು ಮತ್ತು ಮೊಬೈಲ್ ಕೈಯಲ್ಲಿಲ್ಲದ ಮೂರು ತಾಸು. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುವ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇನ್ನೂ ಒಂದು ತೊಡಕು. ಮಗನಿಗೆ ‘ಹುಷಾರು’ ಎಂದು ಹೇಳಿ ಕಳಿಸುವ ಮನೆಯಲ್ಲೇ ಮಗಳಿಗೆ ‘ಬೇಡ’ ಎನ್ನುತ್ತಾರೆ. ಸರ್ಕಾರ ಮೊದಲು ಸೈಕಲ್ ಕೊಟ್ಟದ್ದು ಹೆಣ್ಣುಮಕ್ಕಳಿಗೆ. ಹಳ್ಳಿಯ ದಾರಿಗಳಲ್ಲಿ ಸಾಲುಸಾಲಾಗಿ ಶಾಲೆಗೆ ಹೋಗಿ ಬಂದವರು ಅವರೇ. ಇಂದಿನ ತಾಯಂದಿರಲ್ಲಿ ಕೆಲವರಾದರೂ ಅದೇ ಸೈಕಲ್ ತುಳಿದವರಿದ್ದಾರೆ. ಒಬ್ಬಳೇ ಬೇಡ, ನಾಲ್ವರು ಸೇರಿ ಹೋಗಲಿ. ಜೊತೆಗೆ ಒಬ್ಬರು ದೊಡ್ಡವರಿರಲಿ. ಇದು ಗಂಡುಮಕ್ಕಳಿಗೂ ಅನ್ವಯಿಸುವ ನಿಯಮ.

ಕೊನೆಯದಾಗಿ ಚೀಲದ ವಿಷಯ. ಖಾನಾಪುರ ಪೇಟೆ ಬಿಟ್ಟ ಮೇಲೆ ಪಂಕ್ಚರ್ ಅಂಗಡಿ ಸಿಗುವುದು ಅದೃಷ್ಟದ ಮಾತು. ಒಂದು ಟ್ಯೂಬು, ಸಣ್ಣ ಪಂಪು, ಟೈರು ಎಬ್ಬಿಸುವ ಸಲಾಕೆ, ಪ್ಯಾಚು, ಸಲ್ಯೂಷನ್, ಗಾಲಿಯ ನಟ್ಟಿಗೆ ಹೊಂದುವ ಪಾನಾ ಇವು ಬೇಕು. ಎರಡು ಲೀಟರ್ ನೀರು, ರೊಟ್ಟಿ ಚಟ್ನಿ. ಹೊರಡುವ ಹಿಂದಿನ ಸಂಜೆ ಮನೆಯಂಗಳದಲ್ಲಿ ಹಿಂದಿನ ಗಾಲಿಯನ್ನು ಒಮ್ಮೆ ಬಿಚ್ಚಿ, ಟ್ಯೂಬು ತೆಗೆದು ಮತ್ತೆ ಹಾಕಿ ನೋಡಬೇಕು. ಅರ್ಧ ತಾಸಿನಲ್ಲಿ ಅದು ಬಂದರೆ ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಬಹುದು. ಬಾರದಿದ್ದರೆ ಆ ಭಾನುವಾರ ವ್ಯಾಕ್ಸಿನ್ ಡಿಪೊದವರೆಗೆ ಹೋಗಿ ಬಂದರಾಯಿತು.