ಕ್ರೀಡೆ, ಪ್ರಮಾಣಪತ್ರ ಮತ್ತು ಕಾಲೇಜು ಪ್ರವೇಶ

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಡಲ್ಕೊರೆತವನ್ನು ತಡೆಯಲು ರಾಶಿ ಹಾಕಿದ ಬಂಡೆಗಳನ್ನು ಕಳೆದು ಉಳಿದ ಮರಳೇ ಇಂತಹ ತೀರದ ಹುಡುಗರ ಆಟದ ಬಯಲು. ಅಲ್ಲಿ ನಡೆಯುವ ಪಂದ್ಯದ ಅಂಕಗಳನ್ನು ಬರೆದಿಡುವವರಿಲ್ಲ. ಕ್ರೀಡಾಸಾಮರ್ಥ್ಯವು ಉನ್ನತ ವಿದ್ಯಾಸಂಸ್ಥೆಯ ಪ್ರವೇಶಕ್ಕೆ ದಾರಿಯಾಗಬಲ್ಲುದೇ ಎಂಬ ಪ್ರಶ್ನೆಯನ್ನು ವಿಚಾರಿಸುವಾಗ ಹೀಗೆ ಬರಹಕ್ಕೆ ಬಾರದೆ ಹೋಗುವ ಆಟವನ್ನು ಮರೆಯಲಾಗದು.

ಅಮೆರಿಕದಲ್ಲಿ ಈ ದಾರಿ ಅತ್ಯಂತ ವಿಶಾಲವಾದುದು. ಕಾಲ್ಚೆಂಡು ಮೊದಲಾದ ಆಟಗಳ ತರಬೇತುದಾರನು ಎಳೆಯ ಆಟಗಾರರನ್ನು ತಾನೇ ಗುರುತಿಸಿ ಪ್ರವೇಶಕ್ಕೆ ಶಿಫಾರಸು ಮಾಡುತ್ತಾನೆ. 2018ರಲ್ಲಿ ವಿಚಾರಣೆಗೆ ಬಂದ ಹಾರ್ವರ್ಡ್ ಮೊಕದ್ದಮೆಯ ದಾಖಲೆಗಳ ಪ್ರಕಾರ ಹೀಗೆ ಆಯ್ಕೆಗೊಂಡವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸ್ಥಾನ ದೊರೆತಿತ್ತು. ಅಧಿಕಾರವು ಒಬ್ಬನ ಕೈಯಲ್ಲಿ ನಿಂತಾಗ ಏನಾಗಬಹುದೆಂಬುದು 2019ರಲ್ಲಿ ಬಯಲಾಯಿತು: ಯೇಲ್ ವಿಶ್ವವಿದ್ಯಾನಿಲಯದ ಮಹಿಳಾ ಕಾಲ್ಚೆಂಡು ತಂಡದ ತರಬೇತುದಾರನು ಲಂಚ ಪಡೆದು, ಆಟವನ್ನೇ ಆಡದವಳನ್ನು ಆಟಗಾರ್ತಿಯೆಂದು ಶಿಫಾರಸು ಮಾಡಿದ್ದನು.

ನಮ್ಮಲ್ಲಿ ಆರಿಸುವುದು ತರಬೇತುದಾರನಲ್ಲ, ಪ್ರಮಾಣಪತ್ರ. ಕರ್ನಾಟಕದಲ್ಲಿ 1994ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆಯಲ್ಲಿ ಕ್ರೀಡಾಪಟುಗಳದು ಒಂದು ವಿಶೇಷ ವರ್ಗ. ಆದರೆ ಪರೀಕ್ಷೆಗೆ ಕುಳಿತುಕೊಳ್ಳುವುದು ಅವರಿಗೂ ತಪ್ಪಿದ್ದಲ್ಲ. ಮದರಾಸಿನ ಐ.ಐ.ಟಿ. 2024–25ರಿಂದ ಪ್ರತಿಯೊಂದು ಪದವಿ ಶಿಕ್ಷಣಕ್ರಮದಲ್ಲಿ ಕ್ರೀಡಾಪಟುಗಳಿಗಾಗಿ ಎರಡು ಹೆಚ್ಚುವರಿ ಸ್ಥಾನಗಳನ್ನು ತೆರೆದು, ಅವುಗಳಲ್ಲೊಂದನ್ನು ವಿದ್ಯಾರ್ಥಿನಿಯರಿಗೆ ಮೀಸಲಿರಿಸಿತು. ಅಲ್ಲಿಯೂ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಲೇಬೇಕು. ಬೆಳಗು ಸಂಜೆಗಳನ್ನು ಅಂಗಸಾಧನೆಗೆ ತೆತ್ತವನು ಆ ಅರ್ಹತೆಯನ್ನು ಯಾವ ಹೊತ್ತಿನಲ್ಲಿ ಗಳಿಸಬೇಕೆಂಬುದು ನಿಯಮಗಳಲ್ಲಿ ಬರೆದಿಲ್ಲ!

ಈ ಇಕ್ಕಟ್ಟನ್ನು ಸರ್ವೋಚ್ಚ ನ್ಯಾಯಾಲಯವು 2023ರ ದೇವ್ ಗುಪ್ತ ಪ್ರಕರಣದಲ್ಲಿ ಪರಿಶೀಲಿಸಿತು. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕ್ರೀಡಾ ಮೀಸಲಾತಿಗೆ ಹನ್ನೆರಡನೆಯ ತರಗತಿಯಲ್ಲಿ ಶೇಕಡಾ 75 ಅಂಕಗಳಿರಬೇಕೆಂದು ವಿಧಿಸಿದ್ದ ನಿಬಂಧನೆಯನ್ನು ಅದು ರದ್ದುಗೊಳಿಸಿತು. ಈ ಮೀಸಲಾತಿಯ ಉದ್ದೇಶ ಕ್ರೀಡೆಗೆ ಪ್ರೋತ್ಸಾಹವೇ ಹೊರತು ಓದಿನಲ್ಲಿ ಮುಂದಿರುವವರಿಗೆ ಇನ್ನೊಂದು ಅವಕಾಶವಲ್ಲವೆಂಬ ತರ್ಕ ಸರಿಯಾದುದೇ.

ಕರಾವಳಿಯಲ್ಲಿ ಇನ್ನೊಂದು ರೂಢಿಯುಂಟು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳನ್ನು ದತ್ತು ಸ್ವೀಕರಿಸಿ ಉಚಿತ ಶಿಕ್ಷಣ ನೀಡುತ್ತ ಬಂದಿದೆ. ಅಂಕಪಟ್ಟಿಯ ಪೈಪೋಟಿಗೆ ಹೊರಗಾದ ಈ ಬಗೆ ಅಮೆರಿಕದ ಪದ್ಧತಿಗೆ ಹತ್ತಿರವಾದುದು. ಆದರೆ ಕಾಲೇಜು ಸೇರಿದ ಮೇಲೆ ಕ್ರೀಡೆ ಕೈಹಿಡಿದುದೂ ಉಂಟು. ಕುಂದಾಪುರ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿ ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ ಓದುತ್ತ ಭಾರ ಎತ್ತುವುದನ್ನು ಕಲಿತು, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋಗ್ರಾಂ ಎತ್ತಿ ಬೆಳ್ಳಿ ಪದಕ ಪಡೆದರು, 2022ರಲ್ಲಿ ಕಂಚು. ಹೈಸ್ಕೂಲಿನ ಪ್ರಮಾಣಪತ್ರವನ್ನೇ ನೋಡುವ ನಿಯಮಕ್ಕೆ ಹೀಗೆ ತಡವಾಗಿ ಅರಳುವ ಶಕ್ತಿ ಕಾಣುವುದಿಲ್ಲ.

ಮರವಂತೆಯ ಹುಡುಗನ ಮಾತಿಗೆ ಮರಳುವುದಾದರೆ, ಅವನ ಆಟಕ್ಕೆ ಬೆಲೆ ಬರಬೇಕಾದರೆ ಅದು ಶಾಲೆಯ ಮೂಲಕ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಏರಬೇಕು. ಮೊದಲ ಮೆಟ್ಟಿಲಿನ ಪ್ರವೇಶಪತ್ರವನ್ನು ತುಂಬಿ ಕಳುಹಿಸುವವರು ದೈಹಿಕ ಶಿಕ್ಷಣದ ಅಧ್ಯಾಪಕರು. ಆ ಹುದ್ದೆ ತೆರವಾಗಿರುವ ಶಾಲೆಯಲ್ಲಿ, ಮರಳಿನ ಮೇಲೆ ಎಷ್ಟೇ ಚೆನ್ನಾಗಿ ಆಡಿದರೂ, ಹುಡುಗನ ಹೆಸರು ತಾಲ್ಲೂಕಿನ ಪಟ್ಟಿಯವರೆಗೂ ಹೋಗುವುದು ಕಷ್ಟ.