ಅರಳಿಯ ಚಿಗುರಿಗೆ ನೀರೆಲ್ಲಿಂದ?

ಹಿಮ ಬೀಳುವ ದೇಶಗಳಲ್ಲಿ ಅಂಜೂರದ ಗಿಡ ಸಾಕಿದವರು ಚಳಿಗಾಲಕ್ಕೆ ಮುಂಚೆಯೇ ಅದರ ರೆಂಬೆಗಳನ್ನು ಒಟ್ಟಿಗೆ ಕಟ್ಟಿ, ಒಣಹುಲ್ಲು, ಗೋಣಿತಾಟು ಸುತ್ತಿಡುತ್ತಾರೆ. ವಸಂತದಲ್ಲಿ ಬಿಚ್ಚಿದರೆ ಗಿಡ ಮತ್ತೆ ಕಣ್ಣು ಬಿಡುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅಂಥ ಚಳಿಯಿಲ್ಲ. ಆದರೆ ಅಂಜೂರದ ಬಳಗಕ್ಕೇ ಸೇರಿದ ಅರಳಿ, ಆಲ, ಅತ್ತಿ, ಬಸರಿ ಇಲ್ಲಿ ಊರೂರಿಗೂ ಇವೆ. ತೆಲುಗು ಮನೆಮಾತಿನವರ ಬಾಯಲ್ಲಿ ಅರಳಿ ‘ರಾವಿ’ ಆಗುತ್ತದೆ, ಅತ್ತಿ ‘ಮೇಡಿ’. ಮರ ಮಾತ್ರ ಅದೇ.

ಸಂಕ್ರಾಂತಿ ಕಳೆದಂತೆ ಅರಳಿ ಎಲೆ ಉದುರಿಸತೊಡಗುತ್ತದೆ. ಯುಗಾದಿಯ ಹೊತ್ತಿಗೆ ಕಟ್ಟೆಯ ಮೇಲೆಲ್ಲ ತಾಮ್ರಬಣ್ಣದ ಚಿಗುರು. ಈ ನಡುವೆ ಅದರ ಮೊಗ್ಗನ್ನು ಕಾಯುವವರು ಯಾರು? ರೆಂಬೆಯ ತುದಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಅಲ್ಲಿ ಮೊನಚಾದ ಪೊರೆಯೊಂದು ಎಳೆಯ ಎಲೆಯನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಎಲೆ ಬಿಚ್ಚಿಕೊಂಡಾಗ ಪೊರೆ ಕಳಚಿ ಬೀಳುತ್ತದೆ, ಅದಿದ್ದ ಕಡೆ ಬಳೆಯಂಥ ಗುರುತು ಉಳಿಯುತ್ತದೆ. ಅಂಜೂರದ ಬಳಗದ ಮರಗಳಿಗೆಲ್ಲ ಈ ಗುರುತುಂಟು.

ಸೋಜಿಗವಿರುವುದು ಬೇರೆ ಕಡೆ. ಮುಂಗಾರು ಇನ್ನೂ ಎರಡು ಮೂರು ತಿಂಗಳು ದೂರ, ಕೆರೆಗಳು ಬತ್ತುವ ಕಾಲ. ಇಷ್ಟು ಚಿಗುರಿಗೆ ನೀರೆಲ್ಲಿಂದ? ಮರದ ನೀರು ಹೆಚ್ಚಾಗಿ ಆವಿಯಾಗಿ ಹೋಗುವುದು ಎಲೆಗಳ ಮೂಲಕ. ಎಲೆ ಉದುರಿಸಿದ ಮರದ ಖರ್ಚು ನಿಲ್ಲುತ್ತದೆ. ಬೇರು ಆಳದ ತೇವವನ್ನು ಹೀರುತ್ತಲೇ ಇರುವುದರಿಂದ ಕಾಂಡ, ರೆಂಬೆಗಳು ಮತ್ತೆ ನೀರು ತುಂಬಿಕೊಳ್ಳುತ್ತವೆ. ಆ ಗಂಟಿನ ಬಲದಿಂದಲೇ ಮೊಗ್ಗು ಒಡೆಯುತ್ತದೆ. ಹಿಂದಿನ ವರ್ಷ ಭೂಮಿಗಿಳಿದ ಮಳೆ ಈ ವರ್ಷದ ಚಿಗುರಾಗುತ್ತದೆ ಎನ್ನಬಹುದು.

ನದಿಯ ಆಸರೆಯಿಲ್ಲದ ಈ ಸೀಮೆಯಲ್ಲಿ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಯಾವ ಬೇರೂ ಅಲ್ಲಿಗೆ ಮುಟ್ಟದು. ಮರಕ್ಕೆ ಉಳಿದಿರುವುದು ಮೇಲಿನ ಮಣ್ಣಿನಲ್ಲಿ ಇಂಗಿದ ಮಳೆನೀರು ಮಾತ್ರ. ಭಕ್ತಿಯಿಂದಲೇ ಕಟ್ಟೆಗೆ, ಸುತ್ತಲ ನೆಲಕ್ಕೆ ಬುಡದವರೆಗೂ ಸಿಮೆಂಟು ಹಾಕಿಸಿ ಚಪ್ಪಡಿ ಹೊದಿಸಿದರೆ ಆ ನೀರೂ ಹರಿದು ಚರಂಡಿ ಸೇರುತ್ತದೆ. ನಾಗರಕಲ್ಲಿಗೆ ಎರೆದ ಹಾಲು, ನೀರು ಹಿಂದೆ ಮಣ್ಣಿಗಾದರೂ ಇಳಿಯುತ್ತಿತ್ತು.

ಎಲ್ಲ ಅರಳಿಗಳೂ ಒಂದೇ ವಾರ ಚಿಗುರುವುದಿಲ್ಲ. ಪಕ್ಕದ ಮರ ಹಸಿರಾಗಿದ್ದರೂ ಒಂದು ಬೋಳಾಗಿಯೇ ನಿಂತಿದ್ದರೆ, ಸತ್ತಿದೆಯೆಂದು ಕೊಡಲಿ ತರುವವರಿದ್ದಾರೆ. ಎಳೆಯ ರೆಂಬೆಯನ್ನು ಉಗುರಿನಿಂದ ಕೆರೆದರೆ ಸಾಕು. ಜೀವವಿದ್ದರೆ ಒಳಗೆ ಹಸಿರು ಕಾಣುತ್ತದೆ, ಬಿಳಿಯ ಹಾಲು ಜಿನುಗುತ್ತದೆ.